ಹೊರಗೆ ಬೆಳ್ಳಿ, ಒಳಗೆ ಅರಗು: ಹಳೆಯ ಇಂಗ್ಲಿಷ್ ಕ್ಯಾಂಡಲ್ ಸ್ಟ್ಯಾಂಡ್ ಜೋಡಿಯನ್ನು ಪರೀಕ್ಷಿಸಿ, ಶುಚಿ ಮಾಡಿ, ಕಾಪಾಡುವ ಬಗೆ

1770ರಿಂದ 1800ರ ನಡುವೆ ಇಂಗ್ಲೆಂಡಿನಲ್ಲಿ ತಯಾರಾದ ಬೆಳ್ಳಿಯ ಕ್ಯಾಂಡಲ್ ಸ್ಟ್ಯಾಂಡ್ ಜೋಡಿಯೊಂದು ನಿಮ್ಮ ಕೈಗೆ ಬಂದಿದ್ದರೆ ಮೊದಲು ಒಂದು ವಿಷಯ ತಿಳಿದಿರಲಿ. ನೋಡಲು ಗಟ್ಟಿ ಬೆಳ್ಳಿಯಂತಿದ್ದರೂ ಇಂಥವುಗಳಲ್ಲಿ ಬಹಳಷ್ಟರ ಒಳಗೆ ಬೆಳ್ಳಿ ಇಲ್ಲ. ಹೊರಗಿರುವುದು ತೆಳು ತಗಡು. ಅದರೊಳಗೆ ಅರಗಿನಂಥ ರಾಳ ಅಥವಾ ಪ್ಲಾಸ್ಟರ್, ನಡುವೆ ಒಂದು ಕಬ್ಬಿಣದ ಸರಳು. ನಮ್ಮ ಅಕ್ಕಸಾಲಿಗರು ಅರಗು ತುಂಬಿದ ಗುಂಡು, ಬಳೆ ಮಾಡುವುದಿಲ್ಲವೇ, ಹಾಗೆಯೇ. ಇದರಲ್ಲಿ ಮೋಸವೇನೂ ಇಲ್ಲ, ಅದು ಆ ಕಾಲದ ಒಪ್ಪಿತ ವಿಧಾನ. ಆದರೆ ಇದು ಗೊತ್ತಿಲ್ಲದೆ ದೇವರ ಮನೆಯ ಬೆಳ್ಳಿ ಸಾಮಾನಿನಂತೆ ಬಿಸಿನೀರಿಗೆ ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಇನ್ನೂರೈವತ್ತು ವರ್ಷ ಉಳಿದುಬಂದದ್ದು ಒಂದೇ ಮಧ್ಯಾಹ್ನದಲ್ಲಿ ಹಾಳಾಗುತ್ತದೆ. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಗೂ ಕಾರಣ ಈ ತೆಳು ತಗಡು ಮತ್ತು ಈ ಅರಗು.

ಇಂಥ ವಸ್ತು ಹುಟ್ಟಿದ ಸಂದರ್ಭವನ್ನು ಸ್ವಲ್ಪ ತಿಳಿದರೆ ಪರೀಕ್ಷೆ ಸುಲಭವಾಗುತ್ತದೆ. ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೇ ಎಂಬ ಪ್ರಾಚೀನ ರೋಮನ್ ನಗರಗಳ ಉತ್ಖನನ ಶುರುವಾದ ಮೇಲೆ ಯುರೋಪಿನ ಅಭಿರುಚಿ ಪ್ರಾಚೀನ ಗ್ರೀಕ್, ರೋಮನ್ ಆಕಾರಗಳ ಕಡೆ ತಿರುಗಿತು. ಇಂಗ್ಲೆಂಡಿನಲ್ಲಿ ಅದನ್ನು ಮನೆಯ ಒಳಾಂಗಣಕ್ಕೆ, ಊಟದ ಮೇಜಿಗೆ ತಂದವರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಮುಖ್ಯ. ಆ ಶೈಲಿಯನ್ನು ಇಂದಿಗೂ ಅವನ ಹೆಸರಿನಿಂದಲೇ ಗುರುತಿಸುತ್ತಾರೆ. ಕ್ಯಾಂಡಲ್ ಸ್ಟ್ಯಾಂಡ್ ಒಂದು ಪುಟ್ಟ ದೇಗುಲದ ಕಂಬವಾಯಿತು: ಚೌಕ ಪೀಠ, ಉದ್ದುದ್ದ ತೋಡುಗಳಿರುವ ಕಂಬ, ಮೇಲೆ ಅಕಾಂಥಸ್ ಎಂಬ ಗಿಡದ ಎಲೆಗಳಿರುವ, ಕೊರಿಂಥಿಯನ್ ಎಂಬ ಗ್ರೀಕ್ ಶೈಲಿಯ ಬೋದಿಗೆ. ಇಲ್ಲವೇ ಕೆಳಗೆ ಕಿರಿದಾಗುತ್ತ ಹೋಗುವ ನಾಲ್ಕು ಮುಖದ ಕಂಬ, ಅದರ ಹೆಗಲಲ್ಲಿ ಟಗರಿನ ತಲೆಗಳು, ತಲೆಯಿಂದ ತಲೆಗೆ ಇಳಿಬಿಟ್ಟ ಹೂಮಾಲೆ, ಮೇಲೆ ಕಲಶದಂಥ ಬಟ್ಟಲು. ಎತ್ತರ ಸಾಮಾನ್ಯವಾಗಿ 28ರಿಂದ 33 ಸೆಂಟಿಮೀಟರ್. 1770ರ ದಶಕದಲ್ಲಿ ಅಲಂಕಾರ ದಟ್ಟ. 1780ರ ದಶಕಕ್ಕೆ ಬಂದರೆ ದುಂಡು ಮತ್ತು ಅಂಡಾಕಾರದ ಪೀಠಗಳು, ಅಂಚಿನಲ್ಲಿ ಮುತ್ತಿನ ಸಾಲು. 1790ರ ದಶಕದಲ್ಲಿ ಮುತ್ತಿನ ಸಾಲೂ ಹೋಗಿ ದಾರದಂಥ ಸರಳ ಗೆರೆಯ ಅಂಚು ಬಂತು.

ತಯಾರಿಕೆಯ ನಿಜವಾದ ಬದಲಾವಣೆ ಆದದ್ದು ಶೆಫೀಲ್ಡ್ ಊರಿನಲ್ಲಿ. ಅಲ್ಲಿಯ ತನಕ ಒಳ್ಳೆಯ ಕ್ಯಾಂಡಲ್ ಸ್ಟ್ಯಾಂಡ್ ಎಂದರೆ ಎರಕ ಹೊಯ್ದದ್ದು, ದುಬಾರಿ. ಶೆಫೀಲ್ಡಿನವರು ಗಟ್ಟಿ ಉಕ್ಕಿನಲ್ಲಿ ಅಚ್ಚು ಕೆತ್ತಿ, ಗಿರಣಿಯಲ್ಲಿ ಹಾಳೆಯಂತೆ ಉರುಳಿಸಿದ ಬೆಳ್ಳಿ ತಗಡನ್ನು ಅದರ ಮೇಲಿಟ್ಟು, ಮೇಲಿನಿಂದ ಬೀಳುವ ಭಾರದ ಸುತ್ತಿಗೆಯಿಂದ ಒತ್ತಿ ಭಾಗಗಳನ್ನು ತೆಗೆದರು. ಆ ಭಾಗಗಳನ್ನು ಬೆಸೆದು, ಒಳಗೆ ಸರಳಿಟ್ಟು, ಕಾಸಿದ ರಾಳ ಹೊಯ್ದು, ತಳವನ್ನು ಮರದ ಹಲಗೆಯಿಂದಲೋ ಹಸಿರು ಬನಾತಿನಿಂದಲೋ (ದಪ್ಪ ಉಣ್ಣೆ ಬಟ್ಟೆ) ಮುಚ್ಚಿದರು. ಕಡಿಮೆ ಬೆಳ್ಳಿಯಲ್ಲಿ ಅಪಾರ ಅಲಂಕಾರ ಸಿಕ್ಕಿತು. ಜಾನ್ ವಿಂಟರ್ ಇಂಥವಕ್ಕೆ ಹೆಸರಾದ ಶೆಫೀಲ್ಡ್ ತಯಾರಕ. ಅದೇ ಅಚ್ಚುಗಳಲ್ಲಿ ತಾಮ್ರದ ಮೇಲೆ ಬೆಳ್ಳಿ ಕೂಡಿಸಿದ ತಗಡನ್ನೂ ಒತ್ತುತ್ತಿದ್ದರು. ಹಾಗಾಗಿ ಆಕಾರ ಮಾತ್ರ ನೋಡಿ ಬೆಳ್ಳಿಯೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ.

ಮುಟ್ಟುವ ಮೊದಲು

ಬೇಕಾದ ಸಾಮಾನು ಹೆಚ್ಚೇನಿಲ್ಲ. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ 10 ಪಟ್ಟಿನ ಭೂತಗನ್ನಡಿ, ಸಣ್ಣ ಟಾರ್ಚ್, ಒಂದು ಅಯಸ್ಕಾಂತ, ಉಕ್ಕಿನ ಅಳತೆಪಟ್ಟಿ, ಬಡಗಿಯ ಮೂಲೆಮಟ್ಟ, ನೈಟ್ರೈಲ್ ಕೈಗವಸು, ಮೇಜಿನ ಮೇಲೆ ಹಾಸಲು ದಪ್ಪ ಟವೆಲ್. ಹತ್ತಿಯ ಕೈಗವಸು ಬೇಡ. ಎಲೆಯ ತುದಿಗೆ, ಟಗರಿನ ಕೊಂಬಿಗೆ ದಾರ ಸಿಕ್ಕಿಕೊಳ್ಳುತ್ತದೆ, ಜಾರುವ ಭಯವೂ ಇದೆ. ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ಕಪ್ಪಾಗಿ ಉಳಿಯುತ್ತದೆ.

ಮೇಲ್ತುದಿಯಲ್ಲಿ ಮೇಣ ಸೋರದಂತೆ ತಡೆಯುವ ಬಿಡಿ ತಟ್ಟೆಯೊಂದು ಇರುತ್ತದೆ, ಅದಕ್ಕೆ ನಾಝಲ್ ಎನ್ನುತ್ತಾರೆ. ಎತ್ತುವ ಮೊದಲು ಅದನ್ನು ತೆಗೆದು ಪಕ್ಕಕ್ಕಿಡಿ. ಒಂದು ಕೈ ಪೀಠದ ಕೆಳಗೆ, ಇನ್ನೊಂದು ಕೈ ಕಂಬದ ಕೆಳಭಾಗಕ್ಕೆ. ಮೇಲಿನ ಬಟ್ಟಲನ್ನು ಹಿಡಿದು ಎತ್ತಿದರೆ ಇಡೀ ಭಾರ ಬಟ್ಟಲು ಮತ್ತು ಬೋದಿಗೆಯ ನಡುವಿನ ತೆಳು ಬೆಸುಗೆಯ ಮೇಲೆ ಬೀಳುತ್ತದೆ. ಬಹಳ ಸ್ಟ್ಯಾಂಡ್‌ಗಳು ಮುರಿದಿರುವುದು ಅಲ್ಲಿಯೇ.

ಒರೆಸುವ ಮೊದಲೇ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ತಳದ್ದೂ ಸೇರಿ. ಕೊಳೆ ಕೂಡ ಸಾಕ್ಷಿ. ಹಳೆಯ ರಿಪೇರಿಯ ಗೆರೆ, ಅಳಿಸಿದ ಕುಲಲಾಂಛನದ ಜಾಗ, ಹೊಸ ಬೆಸುಗೆಯ ಬಣ್ಣ ಇವೆಲ್ಲ ಪಾಲಿಶ್ ಆದ ಮೇಲೆ ಕಾಣದೆ ಹೋಗುತ್ತವೆ.

ಮುದ್ರೆ ಓದುವುದು

ಎರಕದ ಸ್ಟ್ಯಾಂಡ್ ಆದರೆ ಮುದ್ರೆಗಳು (ಹಾಲ್‌ಮಾರ್ಕ್) ತಳದ ಒಳಗುಳಿಯಲ್ಲಿ, ಚೌಕದ ಒಂದೊಂದು ಮೂಲೆಗೆ ಒಂದರಂತೆ ಇರುವುದು ರೂಢಿ. ಅರಗು ತುಂಬಿದ್ದಾದರೆ ತಳ ಮುಚ್ಚಿರುವುದರಿಂದ ಪೀಠದ ಕೆಳ ಅಂಚಿನ ಹೊರಮೈಯಲ್ಲಿ ಸಾಲಾಗಿ ಒತ್ತಿರುತ್ತಾರೆ. ಟಾರ್ಚನ್ನು ನೇರ ಹಿಡಿಯಬೇಡಿ. ಮೈಗೆ ಸವರಿದಂತೆ ಓರೆಯಾಗಿ ಹಿಡಿದರೆ ಸವೆದ ಮುದ್ರೆಯೂ ಎದ್ದು ಕಾಣುತ್ತದೆ.

ನಡೆಯುತ್ತಿರುವ ಸಿಂಹ ಸ್ಟರ್ಲಿಂಗ್ ಗುಣಮಟ್ಟದ ಗುರುತು, ಅಂದರೆ 1000 ಭಾಗದಲ್ಲಿ 925 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಊರಿನ ಮುದ್ರೆ: ಲಂಡನ್ನಿಗೆ ಕಿರೀಟ ಹೊತ್ತ ಚಿರತೆಯ ಮುಖ, ಶೆಫೀಲ್ಡಿಗೆ ಬರಿಯ ಕಿರೀಟ, ಬರ್ಮಿಂಗ್‌ಹ್ಯಾಮಿಗೆ ಲಂಗರು. ಕೊನೆಯ ಎರಡು ಊರುಗಳಲ್ಲಿ ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಪರೀಕ್ಷಾ ಕಚೇರಿಗಳು 1773ರ ಕಾಯ್ದೆಯಿಂದ ಹುಟ್ಟಿದವು. ಅದಕ್ಕಾಗಿ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಸಂಸತ್ತಿನ ಬೆನ್ನು ಹತ್ತಿದ್ದ. ಹಾಗಾಗಿ ಶೆಫೀಲ್ಡ್ ಕಿರೀಟವಿರುವ ಸ್ಟ್ಯಾಂಡನ್ನು ಯಾರಾದರೂ 1765ರದ್ದು ಎಂದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಮೂರನೆಯದು ವರ್ಷದ ಅಕ್ಷರ. ಲಂಡನ್ನಿನ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಸಾಗುತ್ತವೆ, 20 ವರ್ಷಕ್ಕೊಂದು ಸುತ್ತು. 1756ಕ್ಕೆ ದೊಡ್ಡ ‘ಎ’, 1776ಕ್ಕೆ ಸಣ್ಣ ‘ಎ’, 1796ಕ್ಕೆ ಮತ್ತೆ ದೊಡ್ಡದು. ಶೆಫೀಲ್ಡಿನದು ಹಾಗಲ್ಲ. ಅಲ್ಲಿ 1773ಕ್ಕೆ ‘ಇ’, 1774ಕ್ಕೆ ‘ಎಫ್’, 1775ಕ್ಕೆ ‘ಎನ್’, ಮುಂದೆಯೂ ಹೀಗೆ ಕ್ರಮವಿಲ್ಲದೆ 1824ರ ತನಕ. ಊಹೆಗೆ ಹೋಗದೆ ಪಟ್ಟಿ ನೋಡಿಯೇ ಹೇಳಬೇಕು. ಅಕ್ಷರದ ಜೊತೆ ಅದನ್ನು ಸುತ್ತುವರಿದ ಚೌಕಟ್ಟಿನ ಆಕಾರವನ್ನೂ ಹೋಲಿಸಿ. ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ವರ್ಷದ ನಡುವೆ. ಆದ್ದರಿಂದ 1776ರ ಅಕ್ಷರ ಎಂದರೆ 1776–77 ಎಂದು ತಿಳಿಯಿರಿ.

ತುಂಬ ಉಪಯೋಗಕ್ಕೆ ಬರುವ ಇನ್ನೊಂದು ಗುರುತು ರಾಜನ ತಲೆ. ಬೆಳ್ಳಿಗೆ ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾಗಿ 1784ರ ಡಿಸೆಂಬರ್ 1ರಿಂದ ಇದನ್ನು ಒತ್ತಲು ಶುರು ಮಾಡಿದರು, 1890ರಲ್ಲಿ ನಿಲ್ಲಿಸಿದರು. ತಲೆ ಇಲ್ಲದಿದ್ದರೆ ವಸ್ತು ಅದಕ್ಕಿಂತ ಹಳೆಯದು, ಇಲ್ಲವೇ 1890ರ ನಂತರದ್ದು. ಈ ಎರಡನೆಯ ಸಾಧ್ಯತೆಯನ್ನು ಮರೆತು ಹಣ ಕಳೆದುಕೊಳ್ಳುವವರು ಬಹಳ. 19ನೇ ಶತಮಾನದ ಕೊನೆಗೆ ಆಡಮ್ ಶೈಲಿ ಮತ್ತೆ ಜನಪ್ರಿಯವಾಗಿ, ಅದೇ ಕೊರಿಂಥಿಯನ್ ಕಂಬಗಳು, ಅದೇ ಟಗರಿನ ತಲೆಗಳು ಶೆಫೀಲ್ಡಿನಲ್ಲೇ ಮತ್ತೆ ತಯಾರಾದವು, ಅರಗು ತುಂಬಿಯೇ. ಇಂದು ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಅಂಥವು. ಅವೂ ಚೆನ್ನಾದ ವಸ್ತುಗಳೇ, ನಿಜವಾದ ಬೆಳ್ಳಿಯೇ. ಆದರೆ ಬೆಲೆ ಬೇರೆ.

ಕೊನೆಗೆ ತಯಾರಕನ ಇನಿಷಿಯಲ್. ಅದನ್ನು ಹತ್ತಿರದಿಂದ ನೋಡಿದಾಗ ಒಂದು ಹೆಸರಿನ ಅಡಿಯಲ್ಲಿ ಇನ್ನೊಂದರ ಅಂಚು ಕಂಡರೆ ಗಾಬರಿಯಾಗಬೇಡಿ. ಲಂಡನ್ನಿನ ಜಾನ್ ಕಾರ್ಟರ್‌ನಂಥವರು ಶೆಫೀಲ್ಡಿನಲ್ಲಿ ತಯಾರಾದ ಸ್ಟ್ಯಾಂಡ್‌ಗಳನ್ನು ತಂದು ಅವುಗಳ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದರು. ಇದು ದೋಷವಲ್ಲ, ಅಭ್ಯಾಸಿಗಳು ಖುಷಿಪಡುವ ವಿವರ.

ನಾಝಲ್ ಮೇಲೂ ಸಿಂಹ ಮತ್ತು ತಯಾರಕನ ಮುದ್ರೆ ಇದೆಯೇ ಎಂದು ನೋಡಲೇಬೇಕು. ಬಿಡಿ ಭಾಗವಾದ್ದರಿಂದ ಕಳೆದುಹೋಗುವುದು ಅದೇ ಮೊದಲು. ಮುದ್ರೆಯಿಲ್ಲದ, ಬಣ್ಣ ಬೇರೆಯಾದ, ಅಂಚಿನ ಮುತ್ತುಗಳ ಗಾತ್ರ ಪೀಠದ ಮುತ್ತುಗಳಿಗೆ ಹೊಂದದ ನಾಝಲ್ ಎಂದರೆ ಆಮೇಲೆ ಸೇರಿಸಿದ್ದಿರಬಹುದು.

ಸುಳ್ಳು ಮುದ್ರೆಯ ಲಕ್ಷಣಗಳು

ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ, ಹಳ್ಳದ ತಳ ನಯವಾಗಿರುತ್ತದೆ. ಎರಕದಲ್ಲಿ ನಕಲಾದ ಮುದ್ರೆಯ ಅಂಚು ಸೋಪಿನಂತೆ ಕರಗಿ, ತಳದಲ್ಲಿ ರವೆಯಂಥ ಕಾಳು ಕಾಣುತ್ತದೆ. ಜೋಡಿಯಲ್ಲಿ ಇದನ್ನು ಹಿಡಿಯುವುದು ಇನ್ನೂ ಸುಲಭ. ಕೈಯಿಂದ ಒತ್ತಿದ ಮುದ್ರೆಗಳು ಎರಡೂ ಸ್ಟ್ಯಾಂಡ್‌ಗಳಲ್ಲಿ ಒಂದೇ ಅಂತರದಲ್ಲಿ, ಒಂದೇ ಓರೆಯಲ್ಲಿ ಬೀಳುವುದಿಲ್ಲ. ಎರಡರಲ್ಲೂ ಸಿಂಹ ಒಂದೇ ಕೋನದಲ್ಲಿ ವಾಲಿದ್ದು, ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ, ಒಂದರಿಂದ ಇನ್ನೊಂದನ್ನು ಅಥವಾ ಮೂರನೆಯದರಿಂದ ಎರಡನ್ನೂ ಎರಕ ಹೊಯ್ದಿದ್ದಾರೆ. ಎರಕ ತಣಿಯುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಚೂರು ಚಿಕ್ಕದಾಗಿಯೂ ಇರುತ್ತದೆ.

ಚಮಚದಂಥ ಸಣ್ಣ ವಸ್ತುವಿನಿಂದ ನಿಜವಾದ ಮುದ್ರೆಯ ತುಂಡು ಕತ್ತರಿಸಿ ಕೂರಿಸುವ ಮೋಸವೂ ಇದೆ. ಪರೀಕ್ಷೆ ಸರಳ: ಕನ್ನಡಕ ಒರೆಸುವಾಗ ಊದುವಂತೆ ಮುದ್ರೆಯ ಸುತ್ತ ಬಿಸಿಯುಸಿರು ಬಿಡಿ. ಉಸಿರಿನ ಮಂಜು ಮಾಯವಾಗುವಾಗ ಬೆಸುಗೆಯ ಗೆರೆ ಚೌಕಟ್ಟಿನಂತೆ ಕ್ಷಣಕಾಲ ಎದ್ದು ಕಾಣುತ್ತದೆ. ಅಳಿಸಿದ ಕುಲಲಾಂಛನ, ತೇಪೆ ಹಾಕಿದ ರಂಧ್ರ ಇವನ್ನೂ ಹಿಡಿಯಲು ಇದೇ ಉಪಾಯ.

ಬೆಳ್ಳಿಯೇ ಅಲ್ಲದ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಿ. ಓಲ್ಡ್ ಶೆಫೀಲ್ಡ್ ಪ್ಲೇಟ್ ಎಂದರೆ 1743ರಲ್ಲಿ ಥಾಮಸ್ ಬೋಲ್ಸೋವರ್ ಕಂಡುಕೊಂಡ ವಿಧಾನದಲ್ಲಿ ತಾಮ್ರಕ್ಕೆ ಬೆಳ್ಳಿಯ ಹಾಳೆಯನ್ನು ಕಾಸಿ ಕೂಡಿಸಿದ್ದು. ಟಗರಿನ ಮೂಗು, ಪೀಠದ ಮೂಲೆಗಳಂಥ ಉಬ್ಬುಗಳಲ್ಲಿ ಬೆಳ್ಳಿ ಸವೆದು ತಾಮ್ರದ ಕೆಂಪು ಇಣುಕುತ್ತದೆ. ಇದಕ್ಕೂ ಪುರಾತನ ವಸ್ತುವಾಗಿ ತನ್ನದೇ ಬೆಲೆಯಿದೆ. ಇನ್ನೊಂದು ಎಲೆಕ್ಟ್ರೋಪ್ಲೇಟ್, ಅಂದರೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು. ಎಲ್ಕಿಂಗ್ಟನ್ ಸಂಸ್ಥೆ ಅದರ ಪೇಟೆಂಟ್ ಪಡೆದದ್ದು 1840ರಲ್ಲಿ, ಆದ್ದರಿಂದ ಅದು ಈ ಕಾಲದ್ದಾಗಲು ಸಾಧ್ಯವೇ ಇಲ್ಲ. ನಾಲ್ಕು ಪುಟ್ಟ ಗುರಾಣಿಗಳೊಳಗೆ ಇ, ಪಿ, ಎನ್, ಎಸ್ (ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್) ಎಂದು ಒತ್ತಿ ಹಾಲ್‌ಮಾರ್ಕಿನಂತೆ ಕಾಣಿಸುವುದು ಅದರ ಸಾಮಾನ್ಯ ರೂಪ.

ಅಯಸ್ಕಾಂತ ಹಿಡಿದಾಗ ಕಂಬದ ನಡುವೆ ಸ್ವಲ್ಪ ಎಳೆದರೆ ‘ಇದು ಬೆಳ್ಳಿಯಲ್ಲ’ ಎಂದು ತೀರ್ಮಾನಿಸಬೇಡಿ. ಒಳಗಿನ ಕಬ್ಬಿಣದ ಸರಳು ಹಾಗೆ ಮಾಡುತ್ತದೆ. ನಾಝಲ್‌ಗೆ ಅಂಟಿದರೆ ಮಾತ್ರ ಯೋಚಿಸಬೇಕು. ಒರೆಗಲ್ಲಿಗೆ ಉಜ್ಜುವುದು, ಅರದಿಂದ ಗೀರಿ ಆಸಿಡ್ ಹನಿಸುವುದು ಇಲ್ಲಿ ಬೇಡವೇ ಬೇಡ. ಅರ ಒಂದೆರಡು ಸಲ ಆಡಿದರೆ ಉಬ್ಬಿನಲ್ಲಿ ತಗಡೇ ತೂತಾಗಬಹುದು. ಲೋಹ ತಿಳಿಯಲೇಬೇಕಾದರೆ ದೊಡ್ಡ ಚಿನ್ನದಂಗಡಿಗಳಲ್ಲಿ, ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಇರುವ ಎಕ್ಸ್-ರೇ ಯಂತ್ರದಲ್ಲಿ ನೋಡಿಸಿ, ಗೀರು ಬೀಳುವುದಿಲ್ಲ. ಅದು ಮೇಲ್ಮೈಯನ್ನಷ್ಟೇ ಓದುವುದರಿಂದ ಲೇಪಿತ ವಸ್ತುವಿನಲ್ಲಿ ಮೋಸ ಹೋಗಬಹುದು. ಸವೆದ ಉಬ್ಬೊಂದರಲ್ಲೂ ಅಳೆಯಲು ಹೇಳಿ.

ಒಡಲಿನ ಪರೀಕ್ಷೆ

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಎರಕ ಕಣಕಣಿಸುತ್ತದೆ. ಅರಗು ತುಂಬಿದ್ದು ಮಂಕಾಗಿ ‘ದಪ್’ ಎನ್ನುತ್ತದೆ. ಕಿವಿಯ ಹತ್ತಿರ ಹಿಡಿದು ನಿಧಾನ ಓರೆ ಮಾಡಿದಾಗ ಒಳಗೆ ಗರಗರ ಸದ್ದು ಬಂದರೆ ತುಂಬಿದ್ದು ಒಡೆದು ಸಡಿಲವಾಗಿದೆ. ತಕ್ಷಣ ಅಪಾಯವಿಲ್ಲ, ಆದರೆ ಒಳಗೆ ಆಧಾರವಿಲ್ಲದ ತಗಡು ಒಂದು ಪೆಟ್ಟಿಗೆ ನೆಗ್ಗುತ್ತದೆ ಎಂದು ತಿಳಿದಿರಬೇಕು.

ದಪ್ಪ ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಪಕ್ಕಕ್ಕೆ ಮೂಲೆಮಟ್ಟ ಹಿಡಿದು ಕಾಲು ಸುತ್ತು, ಕಾಲು ಸುತ್ತಾಗಿ ತಿರುಗಿಸುತ್ತ ನೋಡಿ. ಎತ್ತರದಲ್ಲಿ ಎರಡರ ನಡುವೆ 2–3 ಮಿಲಿಮೀಟರ್ ವ್ಯತ್ಯಾಸ ಸಹಜ. ಕಂಬ ವಾಲಿದ್ದರೆ ಹಿಂದೆ ಯಾವಾಗಲೋ ಬಿಸಿಗೆ ಅರಗು ಮೆತ್ತಗಾಗಿ ಸರಳು ಜರುಗಿದೆ ಎಂದರ್ಥ. ಕೈಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ತಣ್ಣಗಿನ ಅರಗು ಬಾಗುವುದಿಲ್ಲ, ಒಡೆಯುತ್ತದೆ. ಜೊತೆಗೆ ಬುಡದ ಬೆಸುಗೆಯೂ ಹರಿಯುತ್ತದೆ.

ಕೊಂಬಿನ ತುದಿ, ಎಲೆಯ ತುದಿ, ಪೀಠದ ನಾಲ್ಕು ಮೂಲೆ, ಅಂಚಿನ ಮುತ್ತುಗಳನ್ನು ಭೂತಗನ್ನಡಿಯಲ್ಲಿ ಒಂದೊಂದಾಗಿ ನೋಡಿ. ತಗಡು ಅತ್ಯಂತ ತೆಳುವಾಗಿರುವುದು ಅಲ್ಲಿ. ಅಚ್ಚಿನಲ್ಲಿ ಆಳಕ್ಕೆ ಎಳೆದಷ್ಟೂ ತಗಡು ತೆಳುವಾಗಿತ್ತು, ಆಮೇಲೆ ತಲೆಮಾರುಗಳ ಪಾಲಿಶ್ ಸವೆಸಿದ್ದೂ ಅಲ್ಲಿಯೇ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯೊಂದು ಒರೆಸಿದರೂ ಹೋಗದಿದ್ದರೆ ಅದು ಕಿಲುಬಲ್ಲ, ರಂಧ್ರದಿಂದ ಕಾಣುತ್ತಿರುವ ಅರಗು. ಬೂದು ಬಣ್ಣದ, ಹರಡಿದಂಥ ಮಚ್ಚೆ ಕಂಡರೆ ಯಾರೋ ಸೀಸದ ಬೆಸುಗೆ ಹಾಕಿದ್ದಾರೆ. ಆ ಜಾಗವನ್ನು ಬರೆದಿಟ್ಟುಕೊಳ್ಳಿ, ರಿಪೇರಿಯ ವೇಳೆ ಅದು ಮುಖ್ಯವಾಗುತ್ತದೆ.

ತೂಕದ ಮಾತು. ಅರಗು ತುಂಬಿದ ಸ್ಟ್ಯಾಂಡನ್ನು ತಕ್ಕಡಿಗೆ ಹಾಕಿ ಬೆಳ್ಳಿಯ ದರಕ್ಕೆ ಲೆಕ್ಕ ಹಾಕಿದರೆ ಅರಗಿಗೂ ಕಬ್ಬಿಣಕ್ಕೂ ಬೆಳ್ಳಿಯ ದರ ಕೊಟ್ಟ ಹಾಗೆ. ಇಂಥವನ್ನು ತೂಕಕ್ಕೆ ಮಾರುವುದಿಲ್ಲ, ‘ಲೋಡೆಡ್’ ಎಂದು ನಮೂದಿಸಿ ಜೋಡಿಗೆ ಬೆಲೆ ಹೇಳುತ್ತಾರೆ. ಎರಕದ್ದಾದರೆ ತಳದಲ್ಲಿ ಸೂಜಿಯಿಂದ ಗೀಚಿದಂತೆ ಹಳೆಯ ತೂಕ ಬರೆದಿರುವುದುಂಟು. ಅದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಈಗಿನ ತೂಕ ಅದಕ್ಕಿಂತ ತೀರ ಕಡಿಮೆಯಾಗಿದ್ದರೆ ಏನೋ ತೆಗೆದಿದ್ದಾರೆ, ಹೆಚ್ಚಾಗಿದ್ದರೆ ಏನೋ ಸೇರಿಸಿದ್ದಾರೆ.

ಶುಚಿ ಮಾಡುವ ಕ್ರಮ

ಒಂದು ಸ್ಟ್ಯಾಂಡಿಗೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಅವಸರವಿದ್ದರೆ ಇನ್ನೊಂದು ದಿನ ಮಾಡಿ.

ಮೊದಲು ಮೇಣ. ನಾಝಲ್ ಬರಿಯ ತಗಡು, ಒಳಗೆ ಅರಗಿಲ್ಲ. ಅದನ್ನು ಮಾತ್ರ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಮೇಣ ಮೆತ್ತಗಾಗುತ್ತದೆ, ಬಟ್ಟೆಯಿಂದ ಒರೆಸಿ. ಆ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಪೈಪು ಕಟ್ಟುತ್ತದೆ. ಕಂಬಕ್ಕೆ, ಬಟ್ಟಲಿಗೆ ಅಂಟಿದ ಮೇಣಕ್ಕೆ ಬಿಸಿನೀರು ನಿಷಿದ್ಧ. ಗಟ್ಟಿಯಾದ ಮೇಣವನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಅದಕ್ಕಿಂತ ಗಟ್ಟಿಯಾದದ್ದು ಬೇಡ, ಚಾಕುವಂತೂ ಬೇಡ. ಉಳಿದ ಪೊರೆಗೆ ಹತ್ತಿಯ ತುದಿಯಲ್ಲಿ ಚೂರೇ ಚೂರು ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡಲು ಬಳಸುವ ದ್ರವ). ಹತ್ತಿಯಿಂದ ಹನಿ ಇಳಿಯುವಷ್ಟು ಅದ್ದಬಾರದು. ಅದು ಸಂದಿಗೆ ಇಳಿದರೆ ಒಳಗಿನ ರಾಳವನ್ನೂ ಕರಗಿಸುತ್ತದೆ. ಸ್ಟ್ಯಾಂಡನ್ನು ಫ್ರೀಜರಿನಲ್ಲಿಟ್ಟು ಮೇಣ ಉದುರಿಸುವ ಸಲಹೆ ಬರಿಯ ಲೋಹಕ್ಕೆ ಸರಿ, ಇದಕ್ಕಲ್ಲ. ಲೋಹ ಮತ್ತು ಅರಗು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಅರಗು ಬಿರಿಯುತ್ತದೆ.

ಆಮೇಲೆ ಧೂಳು. ಮೆತ್ತನೆಯ ಮೇಕೆಕೂದಲಿನ ಕುಂಚದಿಂದ ಮೇಲಿನಿಂದ ಕೆಳಗೆ. ಧೂಳಿನಲ್ಲಿ ಮರಳಿನ ಕಣವಿರುತ್ತದೆ, ಅದರ ಮೇಲೆಯೇ ಬಟ್ಟೆ ಉಜ್ಜಿದರೆ ಗೀರು ಬೀಳುತ್ತದೆ.

ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ನಾಲ್ಕೈದು ಹನಿ ಸುವಾಸನೆಯಿಲ್ಲದ, ನಿಂಬೆ ಇಲ್ಲದ ಪಾತ್ರೆ ತೊಳೆಯುವ ದ್ರವ ಹಾಕಿ. ನಲ್ಲಿ ನೀರಿನ ಕ್ಲೋರಿನ್ ಮತ್ತು ಉಪ್ಪು ಬೆಳ್ಳಿಗೆ ಒಳ್ಳೆಯದಲ್ಲ. ಹಳೆಯ ಪಂಚೆಯಂಥ ಮೆತ್ತನೆ ಹತ್ತಿಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಇನ್ನೊಂದು ಬಟ್ಟೆಯಲ್ಲಿ ಬರಿಯ ಡಿಸ್ಟಿಲ್ಡ್ ನೀರು. ತಕ್ಷಣ ಒಣಬಟ್ಟೆ. ತಳದ ಬನಾತಿಗೆ ನೀರು ತಾಗಕೂಡದು. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಪ್ಲಾಸ್ಟರ್ ಅದನ್ನು ಹೀರುತ್ತದೆ, ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಒಳಗಿನಿಂದಲೇ ಬೆಸುಗೆಯನ್ನು ಬಿಡಿಸುತ್ತದೆ.

ಬಹಳ ಸಲ ಇಷ್ಟರಲ್ಲೇ ವಸ್ತು ಚೆನ್ನಾಗಿ ಕಾಣುತ್ತದೆ. ಇಲ್ಲೇ ನಿಲ್ಲಿಸಬಹುದೇ ಎಂದು ಪ್ರಾಮಾಣಿಕವಾಗಿ ನೋಡಿ. ಕಪ್ಪು ಎಂದರೆ ಬೆಳ್ಳಿಯೇ ಗಾಳಿಯ ಗಂಧಕದ ಜೊತೆ ಸೇರಿ ಆದ ಸಿಲ್ವರ್ ಸಲ್ಫೈಡ್. ಅದನ್ನು ಉಜ್ಜಿ ತೆಗೆದಾಗಲೆಲ್ಲ ಅಷ್ಟು ಬೆಳ್ಳಿಯನ್ನೂ ತೆಗೆದಂತೆ.

ಪಾಲಿಶ್ ಬೇಕೇ ಬೇಕು ಎಂದಾದರೆ ಔಷಧ ದರ್ಜೆಯ ಅತಿನುಣುಪು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತನ್ನಿ. ಎರಡು ಚಮಚ ಪುಡಿಗೆ ಸುಮಾರು ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿದರೆ ತೆಳು ದೋಸೆಹಿಟ್ಟಿನ ಹದ ಬರುತ್ತದೆ. ಹತ್ತಿಯ ಉಂಡೆಯಲ್ಲಿ ತೆಗೆದುಕೊಂಡು ಪೀಠದ ಹಿಂಬದಿಯ ಒಂದು ಇಂಚು ಜಾಗದಲ್ಲಿ ಮೊದಲು ಪರೀಕ್ಷಿಸಿ. ಸರಿ ಎನಿಸಿದರೆ ತೋಡುಗಳಿರುವಲ್ಲಿ ತೋಡಿನ ಉದ್ದಕ್ಕೂ, ಬಯಲಿನಲ್ಲಿ ಸಣ್ಣ ಸುತ್ತುಗಳಲ್ಲಿ, ಒತ್ತದೆ ಉಜ್ಜಿ. ಹತ್ತಿ ಕಪ್ಪಾದ ಕೂಡಲೇ ಎಸೆದು ಹೊಸದು ತೆಗೆದುಕೊಳ್ಳಿ. ಮುದ್ರೆಗಳ ಮೇಲೆ ಉಜ್ಜಬೇಡಿ, ಸುತ್ತ ಬಿಡಿ. ಕೊಂಬು, ಎಲೆತುದಿಗಳಲ್ಲಿ ಒಂದೇ ಸವರು ಸಾಕು. ಎಲೆಗಳ ಸಂದಿನ, ಹೂಮಾಲೆಯ ಹಿಂದಿನ ಕಪ್ಪನ್ನು ಹಾಗೇ ಉಳಿಸಿ. ಆ ನೆರಳಿನಿಂದಲೇ ಕೆತ್ತನೆಗೆ ಆಳ. ಅದನ್ನೆಲ್ಲ ಬಿಳಿ ಮಾಡಿದರೆ ಟಗರಿನ ಮುಖ ಚಪ್ಪಟೆಯಾಗಿ, ಹೊಸ ಅಂಗಡಿ ಸಾಮಾನಿನಂತೆ ಕಾಣುತ್ತದೆ.

ಕೊನೆಗೆ ಒದ್ದೆ ಹತ್ತಿಯಿಂದ ಪುಡಿಯ ಪ್ರತಿ ಕಣವನ್ನೂ ತೆಗೆದು ಒಣಗಿಸಿ. ಸಂದಿನಲ್ಲಿ ಉಳಿದ ಬಿಳಿಪುಡಿ ತೇವ ಹಿಡಿದಿಟ್ಟುಕೊಂಡು ಅಲ್ಲಿಯೇ ಕಿಲುಬಿಗೆ ದಾರಿ ಮಾಡುತ್ತದೆ.

ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಕೆಲವು ವಿಧಾನಗಳನ್ನು ಹೆಸರಿಸಿಯೇ ಬೇಡ ಎನ್ನಬೇಕು. ಹುಣಸೆಹಣ್ಣು, ನಿಂಬೆ ಮತ್ತು ಹಿತ್ತಾಳೆ ತೊಳೆಯುವ ಹುಳಿಪುಡಿಗಳು ಸ್ಟರ್ಲಿಂಗಿನ ತಾಮ್ರವನ್ನು ಮೊದಲು ತಿನ್ನುತ್ತವೆ. ಹಲ್ಲುಪುಡಿ, ಟೂತ್‌ಪೇಸ್ಟ್‌ಗಳ ಕಣ ಬೆಳ್ಳಿಗೆ ತೀರ ಗಡುಸು. ವಿಭೂತಿಯಿಂದ ಗಟ್ಟಿ ಬೆಳ್ಳಿಯ ಪೂಜಾ ಪಾತ್ರೆ ಉಜ್ಜುವುದು ಬೇರೆ ಮಾತು. ವಿಭೂತಿಯಲ್ಲಿ ಯಾವ ಗಾತ್ರದ ಕಣವಿದೆಯೋ ತಿಳಿಯದು, ತೆಳು ತಗಡಿಗೆ ಆ ಪ್ರಯೋಗ ಬೇಡ. ಅಲ್ಯೂಮಿನಿಯಂ ಹಾಳೆ ಹಾಸಿ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸುವ ವಿಧಾನ ರಾಸಾಯನಿಕವಾಗಿ ಕೆಲಸ ಮಾಡುವುದು ನಿಜ. ಆದರೆ ಬಿಸಿಯೂ ಮುಳುಗಿಸುವುದೂ ಎರಡೂ ಇಲ್ಲಿ ಮಾರಕ, ಸಂದಿನ ನೆರಳೂ ಒಂದೇ ಏಟಿಗೆ ಹೋಗುತ್ತದೆ. ಬಾಟಲಿಯಲ್ಲಿ ಬರುವ ‘ಡಿಪ್’ ದ್ರವಗಳೂ ಹಾಗೆಯೇ. ಸಂದಿಯಿಂದ ಒಳಗೆ ಹೋದ ಆಸಿಡನ್ನು ಮತ್ತೆ ತೊಳೆದು ತೆಗೆಯುವ ದಾರಿಯೇ ಇಲ್ಲ.

ಚಿನ್ನದಂಗಡಿಗೆ ಕೊಟ್ಟರೆ ಸ್ಪಷ್ಟವಾಗಿ ಹೇಳಿ: ಬಫಿಂಗ್ ಚಕ್ರ ಬೇಡ, ಆಸಿಡ್ಡಿಗೆ ಅದ್ದುವುದು ಬೇಡ, ಮೇಲೆ ಹೊಸ ಬೆಳ್ಳಿ ಲೇಪನ ಬೇಡ. ಚಕ್ರದ ಘರ್ಷಣೆಯ ಬಿಸಿಗೆ ಅರಗು ಮೆತ್ತಗಾಗುತ್ತದೆ, ಚಕ್ರಕ್ಕೆ ಹಚ್ಚುವ ಪಾಲಿಶ್ ಮಸಾಲೆಗೆ ಎಲೆತುದಿಗಳು ಒಂದೇ ದಿನದಲ್ಲಿ ಮೊಂಡಾಗುತ್ತವೆ. ಲೇಪನ ಮಾಡಿದರೆ ಶುದ್ಧ ಬೆಳ್ಳಿಯ ಸತ್ತ ಬಿಳುಪು ಬಂದು, ಸ್ಟರ್ಲಿಂಗಿನ ಬೆಚ್ಚಗಿನ ಬೂದುಹೊಳಪು ಹೋಗುತ್ತದೆ.

ರಿಪೇರಿ

ತುಸು ವಾಲು, ಸಣ್ಣ ನೆಗ್ಗು, ಒಂದೆರಡು ಸೂಜಿರಂಧ್ರಗಳಿದ್ದರೆ ಮುಟ್ಟದೆ ಬಿಡುವುದೇ ಒಳ್ಳೆಯದು. ಸರಿಯಾದ ರಿಪೇರಿ ಎಂದರೆ ತಳ ಬಿಚ್ಚಿ, ಹದವಾದ ಶಾಖದಲ್ಲಿ ಅರಗನ್ನೆಲ್ಲ ಇಳಿಸಿ, ಒಳಗಿನಿಂದ ನೆಗ್ಗು ಎತ್ತಿ, ಬೆಳ್ಳಿಯ ಬೆಸುಗೆ ಹಾಕಿ, ಮತ್ತೆ ಸರಳಿಟ್ಟು ತುಂಬುವುದು. ಪುರಾತನ ಬೆಳ್ಳಿಯಲ್ಲಿ ಪಳಗಿದವರಿಂದ ಮಾತ್ರ ಆಗುವ ಕೆಲಸ. ಅರಗು ಒಳಗಿರುವಾಗಲೇ ಜ್ವಾಲೆ ತೋರಿಸಿದರೆ ಅದು ಕುದಿದು ಉಕ್ಕಿ ತಗಡನ್ನು ಸೀಳುತ್ತದೆ. ಕೆಲಸ ಮಾಡುವವರ ಕೈಗೂ ಅಪಾಯ. ಹಳೆಯ ಸೀಸದ ಬೆಸುಗೆ ಇದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯದೆ ಕಾಸುವಂತಿಲ್ಲ. ಬಿಸಿಯಾದ ಸೀಸ ಬೆಳ್ಳಿಯೊಳಗೆ ಸೇರಿ ಅದನ್ನು ತಿಂದು ತೂತು ಮಾಡುತ್ತದೆ. ಈಗ ಲೇಸರ್ ಬೆಸುಗೆ ಇರುವೆಡೆ, ಶಾಖ ಹರಡದೆ ಸಣ್ಣ ರಂಧ್ರ ಮುಚ್ಚಲು ಸಾಧ್ಯವಿದೆ.

ತಳದ ಬನಾತು ಹಳೆಯದಾಗಿ ಹರಿದಿದ್ದರೂ ತೆಗೆದು ಎಸೆಯಬೇಡಿ. ಪೂರ್ತಿ ಕಳಚಿದ್ದರೆ ಅದನ್ನು ಲಕೋಟೆಯಲ್ಲಿಟ್ಟು, ಅದರ ಆಕಾರಕ್ಕೆ ತೊಳೆದು ಒಣಗಿಸಿದ ದಪ್ಪ ಹತ್ತಿಬಟ್ಟೆ ಕತ್ತರಿಸಿ ಹಚ್ಚಿ. ಉಣ್ಣೆಯ ಬಟ್ಟೆಯಲ್ಲಿ ಗಂಧಕವಿರುತ್ತದೆ, ಬೆಳ್ಳಿಯ ಅಂಚನ್ನು ಕಪ್ಪು ಮಾಡುವುದು ಅದೇ. ಅಂಟು ಮರದ ಹಲಗೆಗೆ ಮಾತ್ರ ತಾಗಲಿ, ಬೆಳ್ಳಿಗೆ ಬೇಡ. ರಬ್ಬರ್ ಅಂಟು ಬಳಸಲೇಬೇಡಿ.

ಬಳಕೆ

ಮೇಣದಬತ್ತಿ ಹಚ್ಚಬಹುದು, ಇವು ಅದಕ್ಕಾಗಿಯೇ ಹುಟ್ಟಿದವು. ನಾಝಲ್ ಹಾಕದೆ ಹಚ್ಚಬೇಡಿ. ಸುಮಾರು 22 ಮಿಲಿಮೀಟರ್ ಬುಡದ ಮೇಣದಬತ್ತಿ ಸಾಮಾನ್ಯವಾಗಿ ಹೊಂದುತ್ತದೆ. ಸಡಿಲವಾದರೆ ಕಾಗದ ತುರುಕುವ ಬದಲು ಬುಡಕ್ಕೆ ಮೆತ್ತನೆ ಮೇಣ ಸುತ್ತಿ. ದಪ್ಪವಾದರೆ ಬತ್ತಿಯ ಬುಡ ಕೆರೆಯಿರಿ, ಬಟ್ಟಲಿಗೆ ಒತ್ತಿ ತುರುಕಬೇಡಿ. ಬತ್ತಿ 5 ಸೆಂಟಿಮೀಟರಿಗೆ ಇಳಿದಾಗ ಆರಿಸಿ. ಜ್ವಾಲೆ ಇನ್ನೂ ಕೆಳಗಿಳಿದರೆ ಬಟ್ಟಲು ಕಾದು ಅದರಡಿಯ ಅರಗು ಕರಗುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಜ್ವಾಲೆ ವಾಲಿ ಮೇಣ ಒಂದೇ ಕಡೆ ಸುರಿಯುತ್ತದೆ, ಫ್ಯಾನ್ ನಿಲ್ಲಿಸಿ.

ನಮ್ಮ ಬೇಸಿಗೆಯಲ್ಲಿ ಜ್ವಾಲೆಗಿಂತ ದೊಡ್ಡ ಶತ್ರು ಬಿಸಿಲು. ಬಿಸಿಲು ಬೀಳುವ ಕಿಟಕಿಯ ಹಲಗೆ, ಮುಚ್ಚಿದ ಕಾರಿನ ಡಿಕ್ಕಿ ಎರಡೂ ಕೂಡದು. ಕಲಬುರಗಿಯ ಮೇ ತಿಂಗಳಲ್ಲಿ ಕಾರಿನೊಳಗೆ ಅಡ್ಡ ಮಲಗಿಸಿದ ಸ್ಟ್ಯಾಂಡ್ ಊರು ಮುಟ್ಟುವಷ್ಟರಲ್ಲಿ ವಾಲಿರಬಹುದು.

ಇಡುವ ಬಗೆ, ಕಾಗದಪತ್ರ

ಆಮ್ಲರಹಿತ ಟಿಶ್ಯೂ ಕಾಗದ ಸುತ್ತಿ, ಮೇಲೆ ಗಂಜಿ ಹಾಕದ ತೊಳೆದ ಹತ್ತಿಬಟ್ಟೆ, ಅದರ ಮೇಲೆ ಜಿಪ್ ಇರುವ ಪಾಲಿಥೀನ್ ಚೀಲ, ಚೀಲದೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ, ಬೆಳ್ಳಿಗೆ ತಾಗದಂತೆ. ನಿಲ್ಲಿಸಿಯೇ ಇಡಿ. ನಾಝಲ್‌ಗಳನ್ನು ಬೇರೆ ಸುತ್ತಿ, ಯಾವುದು ಯಾವ ಸ್ಟ್ಯಾಂಡಿನದು ಎಂದು ಚೀಟಿ ಇಡಿ. ದಿನಪತ್ರಿಕೆ, ರಬ್ಬರ್ ಬ್ಯಾಂಡ್, ಉಣ್ಣೆ ಶಾಲು, ನುಸಿಗುಳಿಗೆ ಹತ್ತಿರ ಸುಳಿಯಬಾರದು. ರಬ್ಬರ್ ಬ್ಯಾಂಡಿನ ಗಂಧಕ ಬಟ್ಟೆಯನ್ನು ದಾಟಿಯೂ ಬೆಳ್ಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಮಂಗಳೂರು, ಕಾರವಾರದ ಕಡಲಗಾಳಿಯಲ್ಲಿ ಇರುವವರು ಮಳೆಗಾಲ ಮುಗಿಯುತ್ತಿದ್ದಂತೆ ಸಿಲಿಕಾ ಜೆಲ್ ಬದಲಿಸಿ.

ಕೊಳ್ಳುವಾಗ ಬಿಲ್ಲಿನಲ್ಲಿ ಐದು ಸಂಗತಿ ಬರೆಸಿಕೊಳ್ಳಿ: ಊರು ಮತ್ತು ವರ್ಷ, ತಯಾರಕ, ಲೋಡೆಡ್ ಹೌದೋ ಅಲ್ಲವೋ, ನಾಝಲ್‌ಗಳಿಗೆ ಮುದ್ರೆ ಇದೆಯೋ ಇಲ್ಲವೋ, ಆಗಿರುವ ರಿಪೇರಿ. ಒಂದೇ ವಿನ್ಯಾಸದ, ಆದರೆ ವರ್ಷದ ಅಕ್ಷರ ಬೇರೆ ಬೇರೆಯಾದ ಎರಡು ಸ್ಟ್ಯಾಂಡ್ ಸೇರಿಸಿ ಮಾಡಿದ ಜೋಡಿ ಹುಟ್ಟುಜೋಡಿಗಿಂತ ಅಗ್ಗ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಅನುಕೂಲವಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಬೆಳ್ಳಿ ಗ್ಯಾಲರಿ, ಶೆಫೀಲ್ಡಿನ ಮಿಲೆನಿಯಂ ಗ್ಯಾಲರಿಯ ಲೋಹ ಸಂಗ್ರಹ ಎರಡನ್ನೂ ನೋಡಿ ಬಂದರೆ ಕಣ್ಣು ಪಳಗುತ್ತದೆ. ಮುದ್ರೆಯ ಬಗ್ಗೆ ಗಂಭೀರ ಅನುಮಾನವಿದ್ದರೆ ಲಂಡನ್ನಿನ ಅಕ್ಕಸಾಲಿಗರ ಹಳೆಯ ಸಂಘವಾದ ಗೋಲ್ಡ್‌ಸ್ಮಿತ್ಸ್ ಕಂಪನಿಯ ಆಂಟೀಕ್ ಪ್ಲೇಟ್ ಕಮಿಟಿ ಪರೀಕ್ಷಿಸುತ್ತದೆ.

ವಸ್ತು ಈಗಾಗಲೇ ಭಾರತದಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಅನ್ವಯಿಸಬಹುದು, ಮತ್ತು ಆ ಕಾಯ್ದೆಯಡಿ ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕೊಂಡೊಯ್ಯುವಂತಿಲ್ಲ. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಜೋಡಿಯನ್ನು ಅಮೆರಿಕದ ಮಗಳ ಸೂಟ್‌ಕೇಸಿಗೆ ಹಾಕುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ. ವಿದೇಶದಿಂದ ತಂದದ್ದಾದರೆ ಕೊಂಡ ಬಿಲ್ಲು ಮತ್ತು ಕಸ್ಟಮ್ಸ್ ಕಾಗದವನ್ನು ಮುದ್ರೆಗಳ ಫೋಟೊ ಜೊತೆ ಒಂದೇ ಲಕೋಟೆಯಲ್ಲಿಡಿ.